ಕ್ಯಾಸೆಟ್ಟಿನೊಳಗಿನ ಮಳೆ ಲೆಕ್ಕ

— ದೊಡ್ಡಪ್ಪ, ಇದರ ಮೇಲೆ ‘ಗದಾಯುದ್ಧ’ ಅಂತ ನೀವೇ ಬರೆದಿದ್ದೀರಿ. ಹಾಕಿ ನೋಡಿದ್ರೆ ಭಾಗವತರೂ ಇಲ್ಲ, ಚೆಂಡೆಯೂ ಇಲ್ಲ. ಬರೀ ಕೀರಲು. ಕೆಟ್ಟುಹೋಗಿದೆ ಅನ್ಸುತ್ತೆ. ಇದನ್ನೂ ಕಸದ ಚೀಲಕ್ಕೆ ಹಾಕಲಾ?

— ತಡಿ ಮಾರಾಯ್ತಿ, ಹಾಕಬೇಡ. ಕೀರಲು ಅಂದ್ರೆ ಎಂಥ ಕೀರಲು? ಒಂದೇ ಸಮ ಶಿಳ್ಳೆ ಹೊಡೆದ ಹಾಗಾ, ಒಗ್ಗರಣೆ ಚಟಪಟ ಅಂದ ಹಾಗಾ?

— ಎರಡೂ. ಮೊದಲು ಒಂದು ಐದು ಸೆಕೆಂಡು ‘ಕೂ’ ಅಂತ ಒಂದೇ ಸಮ. ಆಮೇಲೆ ಚಿಟಿಕೆ ಹೊಡೆಯುವಷ್ಟರಲ್ಲಿ ಒಂದು ‘ಚರ್’. ಸ್ವಲ್ಪ ಮೌನ. ಮತ್ತೆ ಎರಡು ಸೆಕೆಂಡು ‘ಕೂ’. ಆಮೇಲೆ ಚರಚರ ಅಂತ ಸ್ವಲ್ಪ ಹೊತ್ತು.

— ಹಾಗಾದ್ರೆ ಅದು ಕೆಟ್ಟಿಲ್ಲ. ಅದು ನನ್ನ ಮಳೆ ಲೆಕ್ಕ. ಹೊಸ ಕ್ಯಾಸೆಟ್ ತರೋದಕ್ಕೆ ಪ್ರತಿ ಸಲ ದುಡ್ಡು ಎಲ್ಲಿತ್ತು? ಹಳೇ ಯಕ್ಷಗಾನದ ಕ್ಯಾಸೆಟ್ ಮೇಲೆಯೇ ತುಂಬಿದ್ದೆ. ಚೀಟಿ ಬದಲಿಸಿರಲಿಲ್ಲ ಅಷ್ಟೆ.

— ಮಳೆ ಲೆಕ್ಕವನ್ನ ಕ್ಯಾಸೆಟ್ಟಿಗೆ ತುಂಬಿದ್ರಾ? ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿದ್ದಾ?

— ಅಲ್ಲ, ಕಂಪ್ಯೂಟರ್ ಹೇಳಿದ್ದು. ಅಂಗಳದ ಮೂಲೆಯಲ್ಲಿ ಈಗ ತುಳಸಿ ಕುಂಡ ಇದೆಯಲ್ಲ, ಅಲ್ಲಿ ಮಳೆಮಾಪಕ ಇತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೀತಿದ್ದೆ. ಇಂಚು, ಸೆಂಟ್ ಲೆಕ್ಕ. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟ್. ಕಾಫಿ ತೋಟದವರ ಬಾಯಲ್ಲಿ ಈಗಲೂ ಅದೇ ಲೆಕ್ಕ. 1989ರಿಂದ 1992ರ ತನಕ ನಾಲ್ಕು ವರ್ಷದ್ದನ್ನು ಕಂಪ್ಯೂಟರಿಗೆ ಹಾಕಿ, ಅದರಿಂದ ಕ್ಯಾಸೆಟ್ಟಿಗೆ ಇಳಿಸಿದೆ.

— 1989ರಲ್ಲಿ ಎನ್.ಆರ್.ಪುರದಲ್ಲಿ ಕಂಪ್ಯೂಟರ್ ಇತ್ತಾ?

— ನನ್ನ ರೇಡಿಯೋ ರಿಪೇರಿ ಅಂಗಡಿಯ ಒಳಕೋಣೆಯಲ್ಲಿ ಇತ್ತು. ಸ್ಪೆಕ್ಟ್ರಮ್ ಅಂತ ಹೆಸರು. ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ 1982ರ ಏಪ್ರಿಲ್‌ನಲ್ಲಿ ತಂದದ್ದು. ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್‌ನವರು ಅದರ ಪರವಾನಗಿ ತಗೊಂಡು 1986ರಲ್ಲಿ ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಅಂತ ನಮ್ಮ ದೇಶದಲ್ಲಿ ಮಾರಿದರು. ನಿನ್ನ ಅತ್ತೆಯ ಮೈದುನ ಪುಣೆಯಲ್ಲಿ ಇಂಜಿನಿಯರಿಂಗ್ ಓದ್ತಿದ್ದ. ಓದು ಮುಗಿಸಿ ಬರುವಾಗ ಹಾಸಿಗೆ ಸುರುಳಿಯೊಳಗೆ ಸುತ್ತಿ ತಂದವನು, ತನಗಿನ್ನು ಬೇಡ ಅಂತ ನನಗೆ ಕೊಟ್ಟ. ಕೀಬೋರ್ಡೇ ಕಂಪ್ಯೂಟರ್. ಪರದೆಗೆ ಮನೆಯ ಕಪ್ಪು-ಬಿಳುಪು ಟಿವಿ. ನೆನಪಿನ ಶಕ್ತಿ 48 ಕಿಲೋಬೈಟ್.

— 48 ಕಿಲೋಬೈಟಾ! ನನ್ನ ಫೋನಲ್ಲಿ ತೆಗೆದ ಒಂದು ಫೋಟೋಕ್ಕೆ ಅಂಥ ಮಶಿನ್ ಐವತ್ತು ಅರವತ್ತು ಬೇಕು.

— ಇರಬಹುದು. ನನಗೆ ಅಡಿಕೆ ಲೆಕ್ಕಕ್ಕೆ, ಮಳೆ ಲೆಕ್ಕಕ್ಕೆ ಸಾಕಾಗಿ ಉಳೀತಿತ್ತು. ಕಷ್ಟ ಇದ್ದದ್ದು ಬೇರೆ ಕಡೆ. ಆ ಮಶಿನ್ನಿಗೆ ಕರೆಂಟ್ ಇದ್ದಷ್ಟು ಹೊತ್ತು ಮಾತ್ರ ನೆನಪು. ಮಲೆನಾಡಿನ ಮಳೆಗಾಲ ನಿನಗೆ ಗೊತ್ತಲ್ಲ, ಎಲ್ಲೋ ಒಂದು ಮರ ತಂತಿ ಮೇಲೆ ಬಿತ್ತು ಅಂದ್ರೆ ಎರಡು ಗಂಟೆ ಕೂತು ಹೊಡೆದದ್ದೆಲ್ಲ ಹೋಯ್ತು. ಅದಕ್ಕೆ ಒಂದು ಕಣಜ ಬೇಕಿತ್ತು. ಡಿಸ್ಕ್ ಡ್ರೈವ್ ಅಂದ್ರೆ ಕಂಪ್ಯೂಟರಿಗಿಂತ ದುಬಾರಿ. ಟೇಪ್‌ರೆಕಾರ್ಡರ್ ಮಾತ್ರ ಆ ಕಾಲಕ್ಕೆ ಊರಿನ ಮನೆಮನೆಗೂ ಬಂದಿತ್ತು.

— ನಮ್ಮನೆಗೂ?

— ನಮ್ಮನೆಗೆ ಬಂದದ್ದು ‘ನಿತ್ಯೋತ್ಸವ’ ಕೇಳೋದಕ್ಕೆ. 1978ರಲ್ಲಿ ಆ ಭಾವಗೀತೆ ಕ್ಯಾಸೆಟ್ ಬಂದ ಮೇಲೆ ಕನ್ನಡದ ಮನೆಗಳಲ್ಲಿ ಹಾಡು ಕೇಳುವ ರೀತಿಯೇ ಬದಲಾಯ್ತು. ಆಮೇಲೆ ಹರಿಕಥೆ, ತಾಳಮದ್ದಳೆ, ಮಾಸ್ಟರ್ ಹಿರಣ್ಣಯ್ಯನವರ ನಾಟಕ. ಈ ಕಡೆ ಕೇರಳದಿಂದ ಬಂದು ನೆಲೆಸಿದವರ ಮನೆಗಳಿಗೆ ಗಲ್ಫ್‌ನಿಂದ ದೊಡ್ಡ ದೊಡ್ಡ ಟೂ ಇನ್ ವನ್ ಬರ್ತಿದ್ದವು. ಎಲ್ಲವೂ ಒಂದಲ್ಲ ಒಂದು ದಿನ ನನ್ನ ಮೇಜಿಗೆ ಬಂದವೇ. ರೀಲು ಸುತ್ತಿಕೊಂಡದ್ದು, ಬೆಲ್ಟ್ ಸಡಿಲಾದದ್ದು, ಹೆಡ್ಡಿಗೆ ಕೊಳೆ ಹತ್ತಿ ದನಿ ಮಂಕಾದದ್ದು. ಹಾಗಾಗಿ ಸ್ಪೆಕ್ಟ್ರಮ್ ಬಂದಾಗ ಕಂಪ್ಯೂಟರ್ ನನಗೆ ಹೊಸದಾಗಿತ್ತೇ ಹೊರತು ಅದರ ಕಣಜ ಹೊಸದಾಗಿರಲಿಲ್ಲ. ಪುಣೆಯಲ್ಲಿ ಓದಿದ ಆ ಹುಡುಗನಿಗೆ ಹತ್ತು ಸಲ ಪ್ರಯತ್ನಿಸಿದರೂ ಲೋಡ್ ಆಗದ ಕ್ಯಾಸೆಟ್, ನಾನು ಹೆಡ್ಡಿಗೆ ಹತ್ತಿಯಲ್ಲಿ ಸ್ಪಿರಿಟ್ ಮುಟ್ಟಿಸಿ ಒರೆಸಿದ ಮೇಲೆ ಮೊದಲ ಸಲಕ್ಕೇ ಲೋಡ್ ಆಯ್ತು. ಅವನು ಕಂಪ್ಯೂಟರನ್ನು ನನಗೆ ಬಿಟ್ಟುಹೋಗೋದಕ್ಕೆ ಅದೂ ಒಂದು ಕಾರಣ.

— ನನಗೆ ಒಂದು ಅರ್ಥ ಆಗ್ತಿಲ್ಲ. ಅಂಕಿ ಸದ್ದು ಆಗೋದು ಹೇಗೆ? ನಾನು ದಿನಾ ಕಂಪ್ಯೂಟರ್ ಮುಂದೆಯೇ ಕೂರ್ತೀನಿ. ಸೊನ್ನೆ, ಒಂದು ಅನ್ನೋದೆಲ್ಲ ಗೊತ್ತು. ಅದನ್ನ ಕಿವಿಯಲ್ಲಿ ಕೇಳಿದ್ದು ಇವತ್ತೇ.

— ಟೇಪಿನ ಹೆಡ್ಡಿಗೆ ಬದಲಾವಣೆ ಮಾತ್ರ ತಿಳೀತದೆ. ಕರೆಂಟ್ ಒಂದೇ ಸಮ ಹರೀತಾ ಇದ್ರೆ ಅದು ಮೂಗ. ಏರಬೇಕು, ಇಳೀಬೇಕು. ಹಾಗಾಗಿ ಸೊನ್ನೆಗೆ ಒಂದು ಸ್ವರ, ಒಂದಕ್ಕೆ ಒಂದು ಸ್ವರ ಅಂತ ಮಾಡಿದರು. ಸ್ಪೆಕ್ಟ್ರಮ್‌ನಲ್ಲಿ ಸೊನ್ನೆ ಅಂದ್ರೆ ಒಂದು ಗಿಡ್ಡ ಅಲೆ, ಒಂದು ಅಂದ್ರೆ ಅದರ ಎರಡರಷ್ಟು ಉದ್ದದ ಅಲೆ. ಬರೀ ಸೊನ್ನೆಗಳೇ ಸಾಲಾಗಿ ಬಂದ್ರೆ ಸೆಕೆಂಡಿಗೆ ಸುಮಾರು 2,047 ಕಂಪನದ ಶಿಳ್ಳೆ ಕೇಳ್ತದೆ. ಬರೀ ಒಂದುಗಳಾದ್ರೆ ಅದರ ಅರ್ಧ, 1,023. ನೀನು ಮೊದಲು ಕೇಳಿದ ‘ಕೂ’ ಇನ್ನೂ ತಗ್ಗು ಸ್ವರ, 807ರ ಆಸುಪಾಸು. ಅದು ಪೀಠಿಕೆ. ‘ಬರ್ತಾ ಇದೆ, ಕಿವಿಗೊಡು’ ಅಂತ ಮಶಿನ್ನಿಗೆ ಹೇಳೋದು, ಟೇಪಿನ ಓಟ ಹದಕ್ಕೆ ಬರೋದಕ್ಕೆ ಸಮಯ ಕೊಡೋದು. ನಮ್ಮ ಭಾಗವತರು ಶ್ರುತಿ ಹಿಡಿದು ಕೂತ ಹಾಗೆ ಅಂತಿಟ್ಟುಕೋ.

— ಆಮೇಲೆ ಬಂದ ಚಿಟಿಕೆಯಷ್ಟು ‘ಚರ್’?

— ಅದು ತಲೆಬರಹ. 19 ಬೈಟ್. ಬರೋದು ಪ್ರೋಗ್ರಾಮೋ ಅಂಕಿ ಪಟ್ಟಿಯೋ, ಹೆಸರು ಏನು, ಉದ್ದ ಎಷ್ಟು, ಅಷ್ಟೂ ಅದರಲ್ಲಿದೆ. ಹೆಸರಿಗೆ ಹತ್ತೇ ಅಕ್ಷರ. ನಾನು ‘ಮಳೆ89’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟಿದ್ದೆ. ಅದಾದ ಮೇಲೆ ಇನ್ನೊಂದು ಚಿಕ್ಕ ಪೀಠಿಕೆ, ಆಮೇಲೆ ಒಳಗಿನ ಸರಕು. ಕಟ್ಟಕಡೆಗೆ ಒಂದು ಬೈಟ್ ತಾಳೆ ನೋಡೋದಕ್ಕೆ. ಹಿಂದೆ ಬಂದ ಎಲ್ಲಾ ಬೈಟ್‌ಗಳನ್ನೂ ಒಂದಕ್ಕೊಂದು ಹೊಸೆದು ಬಂದ ಮೊತ್ತ ಅದು. ನಡುವೆ ಒಂದೇ ಒಂದು ಸೊನ್ನೆ ಒಂದಾಗಿ ಕೇಳಿದ್ರೂ ತಾಳೆ ತಪ್ಪುತ್ತದೆ. ಆಗ ‘ಟೇಪ್ ಲೋಡಿಂಗ್ ಎರರ್’ ಅಂತ ಪರದೆಯ ಕೆಳಗೆ ಬರೀತದೆ. ಐದು ನಿಮಿಷ ಉಸಿರು ಬಿಗಿಹಿಡಿದು ಕಾದವರಿಗೆ ಕೊನೇ ಸೆಕೆಂಡಿನಲ್ಲಿ ಆ ಸಾಲು ಕಂಡ್ರೆ ಹೇಗಾಗಬೇಡ! ದೊಡ್ಡ ಪ್ರೋಗ್ರಾಮ್ ಒಂದಕ್ಕೆ ನಾಲ್ಕೈದು ನಿಮಿಷ ಹಿಡೀತಿತ್ತು ಗೊತ್ತಾ.

— ಆ ಐದು ನಿಮಿಷ ಏನು ಮಾಡ್ತಿದ್ರಿ?

— ಟಿವಿ ಅಂಚಿನಲ್ಲಿ ಪಟ್ಟೆ ಪಟ್ಟೆ ಗೆರೆ ಓಡೋದನ್ನು ನೋಡ್ತಾ ಕೂರೋದು. ಪೀಠಿಕೆಗೆ ದಪ್ಪ ಪಟ್ಟೆ, ಸರಕಿಗೆ ಸಣ್ಣ ಪಟ್ಟೆ. ಪೀಠಿಕೆಯ ಪಟ್ಟೆ ಕೆಂಪು ಮತ್ತು ತಿಳಿನೀಲಿ, ಸರಕಿನದು ನೀಲಿ ಮತ್ತು ಹಳದಿ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ನಮ್ಮ ಟಿವಿಯಲ್ಲಿ ಎಲ್ಲವೂ ಬೂದಿ ಬಣ್ಣ. ನನ್ನ ಮಟ್ಟಿಗೆ ಪಟ್ಟೆ ನೋಡೋದಕ್ಕಿಂತ ಕೇಳೋದೇ ಮುಖ್ಯವಾಗಿತ್ತು. ಎಲ್ಲಿ ರೀಲು ಸ್ವಲ್ಪ ಜಗ್ಗಿತು, ಎಲ್ಲಿ ದನಿ ಮಂಕಾಯ್ತು ಅಂತ ಕಿವಿಗೆ ಮೊದಲೇ ತಿಳೀತಿತ್ತು.

— ದೊಡ್ಡಪ್ಪ, ಹಾಗಾದ್ರೆ ಮಳೆ ಲೆಕ್ಕವೂ ಕಿವಿಗೆ ತಿಳಿಯುತ್ತಾ?

— ತಿಳೀತದೆ! ಕಾಗದ, ಪೆನ್ನು ತಗೋ. ಹನ್ನೆರಡು ತಿಂಗಳಿಗೆ ಹನ್ನೆರಡು ಸಾಲು, ಸಾಲಿಗೆ 31 ಮನೆ. ಒಟ್ಟು ಎಷ್ಟು?

— 372.

— ಒಂದೊಂದು ಅಂಕಿಗೆ ಸ್ಪೆಕ್ಟ್ರಮ್ ಐದು ಬೈಟ್ ಕೊಡ್ತದೆ. 1,860 ಬೈಟ್, ಅಂದ್ರೆ 14,880 ಸೊನ್ನೆ-ಒಂದುಗಳು. ಮಳೆ ಇಲ್ಲದ ದಿನಕ್ಕೆ ಐದೂ ಬೈಟ್ ಬರೀ ಸೊನ್ನೆ. ಸೊನ್ನೆ ಅಂದ್ರೆ ಗಿಡ್ಡ ಅಲೆ. ಜನವರಿ ತಿಂಗಳು ಪೂರ್ತಿ ಒಣಗಿದ್ರೆ 31 ದಿನವೂ ಸೊನ್ನೆ. ಅದು ಟೇಪಿನ ಮೇಲೆ ಹೇಗೆ ಕೇಳ್ತದೆ ಹೇಳು?

— ಒಂದೇ ಸಮ ಶಿಳ್ಳೆ?

— ಹೌದು, ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು, ನುಣ್ಣಗೆ. ಜುಲೈಗೆ ಬಾ. 2 ಇಂಚು 37 ಸೆಂಟ್, 4 ಇಂಚು 12 ಸೆಂಟ್ ಅಂತ ದಿನಾ ಒಂದೊಂದು ಥರ. ದಶಾಂಶದ ಅಂಕಿ ಐದು ಬೈಟಿನಲ್ಲಿ ಕೂರುವಾಗ ಸೊನ್ನೆಯೂ ಒಂದೂ ಬೆರೆತುಹೋಗ್ತವೆ. ಗಿಡ್ಡ ಅಲೆ, ಉದ್ದ ಅಲೆ, ಗಿಡ್ಡ, ಉದ್ದ, ಉದ್ದ. ಶಿಳ್ಳೆ ಒಡೆದು ಒರಟಾಗ್ತದೆ, ಮತ್ತೆ ಜನವರಿಗಿಂತ ಹೆಚ್ಚು ಹೊತ್ತು ಹಿಡೀತದೆ. ಅದೇ 31 ದಿನ, ಅದೇ ಐದೈದು ಬೈಟ್, ಆದ್ರೆ ಮಳೆ ತಿಂಗಳು ಟೇಪಿನ ಮೇಲೆ ಉದ್ದ. ವರ್ಷ ಪೂರ್ತಿ ಸೇರಿದ್ರೆ ಎಂಟೊಂಬತ್ತು ಸೆಕೆಂಡು. ಮೊದಲು ನುಣ್ಣಗೆ, ನಡುವೆ ಒರಟು, ಕೊನೆಗೆ ಮತ್ತೆ ನುಣ್ಣಗೆ. ಆ ಕ್ಯಾಸೆಟ್ಟನ್ನು ಈಗ ಇನ್ನೊಂದು ಸಲ ಹಾಕು. ಎರಡನೇ ‘ಕೂ’ ನಿಂತ ಕೂಡಲೇ ಕಿವಿಗೊಡು.

— ... ಅಯ್ಯೋ, ಹೌದು! ಶುರುವಿಗೆ ಎಳೆದ ದಾರದ ಹಾಗೆ ಒಂದೇ ಸ್ವರ. ಆಮೇಲೆ ಅಲ್ಲೊಂದು ಇಲ್ಲೊಂದು ಗೀರು. ನಡುವೆ ಪೂರ್ತಿ ಚರಚರ. ನಾನು ಕೇಳಿದ್ದು ಮಳೆಗಾಲವಾ?

— 1989ರ ಮಳೆಗಾಲ. ಮೊದಲು ಬಂದ ಗೀರು ಬೇಸಿಗೆಯ ಒಂದೆರಡು ಹೂಮಳೆ ಇರಬೇಕು, ಕಾಫಿಯವರು ಕಾಯುವುದು ಅದನ್ನೇ. ಆ ಕಾಲದಲ್ಲಿ ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ರೆ ಯಾರು ನಂಬ್ತಾರೆ?

— ಹೀಗೆ ಕ್ಯಾಸೆಟ್ಟಿಗೆ ಅಂಕಿ ತುಂಬೋದನ್ನ ಮೊದಲು ಯೋಚನೆ ಮಾಡಿದ್ದು ಯಾರು? ಸಿಂಕ್ಲೇರ್ ಅವರಾ?

— ಅವರಿಗಿಂತ ಮುಂಚೆಯೇ ಇತ್ತು. ಕ್ಯಾಸೆಟ್ಟನ್ನು ಫಿಲಿಪ್ಸ್ ತಂದದ್ದು 1963ರಲ್ಲಿ, ಜನರ ಮಾತು ಹಿಡಿಯೋದಕ್ಕೆ ಅಂತ. ಹನ್ನೆರಡು ವರ್ಷದ ಮೇಲೆ ಅಮೆರಿಕದಲ್ಲಿ ಹವ್ಯಾಸಿಗಳು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಳ್ತಿದ್ರು. ಒಬ್ಬ ತುಂಬಿದ ಟೇಪ್ ಇನ್ನೊಬ್ಬನ ಮಶಿನ್ನಿಗೆ ಓದೋದಕ್ಕೆ ಬರ್ತಿರಲಿಲ್ಲ. ‘ಬೈಟ್’ ಅನ್ನೋ ಪತ್ರಿಕೆಯವರು 1975ರ ನವೆಂಬರ್‌ನಲ್ಲಿ ಕನ್ಸಾಸ್ ಸಿಟಿಯಲ್ಲಿ ಎಲ್ಲರನ್ನೂ ಕೂರಿಸಿ ಒಂದು ಒಪ್ಪಂದ ಮಾಡಿಸಿದರು. ಸೊನ್ನೆಗೆ 1,200 ಕಂಪನದ ನಾಲ್ಕು ಅಲೆ, ಒಂದಕ್ಕೆ 2,400ರ ಎಂಟು ಅಲೆ. ಸೆಕೆಂಡಿಗೆ 300 ಬಿಟ್, ಅಂದ್ರೆ ಮೂವತ್ತು ಅಕ್ಷರವೂ ಪೂರ್ತಿ ಆಗೋದಿಲ್ಲ. ನಿಧಾನ, ಆದ್ರೆ ಎಂಥ ಅಗ್ಗದ ಟೇಪ್‌ರೆಕಾರ್ಡರ್ ಆದ್ರೂ ನಡೀತಿತ್ತು. ಆಮೇಲೆ ಬಂದವರು ಅದನ್ನೇ ಚುರುಕು ಮಾಡಿದರು. ಬಿಬಿಸಿ ಮೈಕ್ರೋ ಅದರ ನಾಲ್ಕರಷ್ಟು ವೇಗ.

— ಬಿಬಿಸಿ ಮೈಕ್ರೋ ಹೆಸರು ಅಪ್ಪನ ಬಾಯಲ್ಲಿ ಕೇಳಿದ್ದೀನಿ. ಶಾಲೆಯಲ್ಲಿ ದೂರದಿಂದ ನೋಡಿದ್ದೆ ಅಂತಿದ್ರು.

— ಕೇಂದ್ರ ಸರಕಾರದ ‘ಕ್ಲಾಸ್’ ಅನ್ನೋ ಯೋಜನೆ. 1984-85ರಲ್ಲಿ ದೇಶದ ಸುಮಾರು 250 ಶಾಲೆಗಳಲ್ಲಿ ಶುರುವಾಯ್ತು, ಆಮೇಲೆ ಹೆಚ್ಚಾಯ್ತು. ಬಂದ ಮಶಿನ್ ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ. ಶಿವಮೊಗ್ಗದ ಕಡೆಯ ಒಂದು ಶಾಲೆಯ ಮೇಷ್ಟ್ರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಮಶಿನ್ನಿನ ಹಿಂದೆ ಇದ್ದದ್ದು ಏಳು ಪಿನ್ನಿನ ದುಂಡು ಸಾಕೆಟ್. ಅವರ ಹತ್ತಿರ ಇದ್ದದ್ದು ಇಯರ್, ಮೈಕ್ ಅಂತ ಎರಡು ಸಣ್ಣ ತೂತಿನ ಟೇಪ್‌ರೆಕಾರ್ಡರ್. ಎರಡಕ್ಕೂ ಹೊಂದುವ ವೈರ್ ಇಲ್ಲ. ಅರ್ಧ ಗಂಟೆಯಲ್ಲಿ ಬೆಸುಗೆ ಹಾಕಿ ಕೊಟ್ಟೆ. ಅವರು ಮಕ್ಕಳ ಹಾಗೆ ಖುಷಿಪಟ್ಟರು. ಆ ಮಶಿನ್ನಿನಲ್ಲಿ ಒಂದು ಸೊಗಸು ಕಂಡೆ. ಅದು ಪ್ರೋಗ್ರಾಮನ್ನು 256 ಬೈಟಿನ ತುಂಡು ತುಂಡಾಗಿ ಬರೀತದೆ, ಪ್ರತಿ ತುಂಡಿಗೂ ತನ್ನದೇ ತಾಳೆ. ಒಂದು ತುಂಡು ಹಾಳಾದ್ರೆ ‘ಟೇಪ್ ಹಿಂದೆ ಸುತ್ತು’ ಅಂತ ಹೇಳಿ, ಸ್ವಲ್ಪ ಹಿಂದಕ್ಕೆ ಹೋಗಿ ಅಲ್ಲಿಂದಲೇ ಮುಂದುವರೀತದೆ. ನನ್ನ ಸ್ಪೆಕ್ಟ್ರಮ್‌ಗೆ ಆ ತಾಳ್ಮೆ ಇಲ್ಲ. ಒಂದು ತಪ್ಪಿದ್ರೆ ಮೊದಲಿಂದ.

— ರೇಡಿಯೋದಲ್ಲೂ ಪ್ರೋಗ್ರಾಮ್ ಕಳಿಸ್ತಿದ್ರು ಅಂತ ಎಲ್ಲೋ ಓದಿದ್ದೆ. ಆಗ ನಂಬಿರಲಿಲ್ಲ. ಈಗ ಯೋಚಿಸಿದ್ರೆ ಸದ್ದೇ ತಾನೇ, ಯಾಕಾಗಬಾರದು ಅನ್ಸುತ್ತೆ.

— ಆಗಿತ್ತು. ನೆದರ್ಲೆಂಡಿನಲ್ಲಿ ಎನ್‌ಒಎಸ್ ಸಂಸ್ಥೆಯ ‘ಹಾಬಿಸ್ಕೂಪ್’ ಕಾರ್ಯಕ್ರಮದವರು ಬೇರೆ ಬೇರೆ ಕಂಪನಿಯ ಮಶಿನ್ನುಗಳು ಓದಬಲ್ಲ ‘ಬೇಸಿಕೋಡ್’ ಅನ್ನೋ ಒಂದು ಸಾಮಾನ್ಯ ಭಾಷೆಯನ್ನೇ ಮಾಡಿದ್ರು. ಬೆಲ್‌ಗ್ರೇಡ್‌ನಲ್ಲಿ 1983ರಲ್ಲಿ ಝೋರಾನ್ ಮೋಡ್ಲಿ ಅನ್ನೋವರು ‘ವೆಂಟಿಲೇಟರ್ 202’ ಕಾರ್ಯಕ್ರಮದಲ್ಲಿ ಹಾಡಿನ ನಡುವೆ ಪ್ರೋಗ್ರಾಮ್ ಹಾಕ್ತಿದ್ರು. ‘ಈಗ ಟೇಪ್ ಹಾಕಿ’ ಅನ್ನೋದು, ಆಮೇಲೆ ಕೆಲವು ನಿಮಿಷ ಕೀರಲು. ಕೇಳುಗರು ಹಿಡಿದಿಟ್ಟುಕೊಂಡು ಮನೆಯ ಕಂಪ್ಯೂಟರಿಗೆ ಹಾಕ್ತಿದ್ರು. ಆ ದೇಶದಲ್ಲಿ ವೋಯಾ ಅಂಟೋನಿಚ್ ಅನ್ನೋವರು ‘ಗಲಾಕ್ಸಿಯಾ’ ಅಂತ ಒಂದು ಕಂಪ್ಯೂಟರಿನ ನಕ್ಷೆ ಮಾಡಿ ಪತ್ರಿಕೆಯಲ್ಲೇ ಹಾಕಿದ್ದರು. ಸಾವಿರಾರು ಓದುಗರು ತಾವೇ ಬೆಸುಗೆ ಹಾಕಿ ಕಟ್ಟಿಕೊಂಡರು. ಇದನ್ನು ಓದಿದಾಗ ನನಗೆ ನಿದ್ದೆ ಬರಲಿಲ್ಲ.

— ಯಾಕೆ?

— ನಮಗೆ ಭದ್ರಾವತಿ ಆಕಾಶವಾಣಿ ಇತ್ತಲ್ಲ! 1965ರಿಂದ ಇದೆ. 675 ಕಿಲೋಹರ್ಟ್ಸ್, ನನ್ನ ಅಂಗಡಿಗೆ ಬಂದ ರೇಡಿಯೋಗಳಲ್ಲಿ ಮುಳ್ಳು ಅಲ್ಲೇ ನಿಂತಿರ್ತಿತ್ತು. ಕೃಷಿ ಕಾರ್ಯಕ್ರಮ, ಚಿತ್ರಗೀತೆ, ಪ್ರದೇಶ ಸಮಾಚಾರ. ಅದರ ನಡುವೆ ಐದು ನಿಮಿಷ ಬೇಸಾಯದ ಲೆಕ್ಕದ ಪ್ರೋಗ್ರಾಮ್ ಒಂದನ್ನು ಹಾಕಿದ್ದರೆ ಇಲ್ಲಿ ಕೂತು ಹಿಡೀಬಹುದಿತ್ತು. ಮಧ್ಯಮ ತರಂಗದಲ್ಲಿ 2,400 ಕಂಪನ ಚೆನ್ನಾಗಿಯೇ ದಾಟ್ತದೆ. ತಂತ್ರ ನಮ್ಮ ಕೈಯಲ್ಲಿತ್ತು, ರೇಡಿಯೋ ಇತ್ತು, ಟೇಪ್ ಇತ್ತು. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಸೇರಿಸಿದ್ರೂ ಮನೆಯಲ್ಲಿ ಕಂಪ್ಯೂಟರ್ ಇದ್ದವರನ್ನು ಬೆರಳಲ್ಲಿ ಎಣಿಸಬೇಕಿತ್ತು. ಅದಕ್ಕೇ ಆಗಲಿಲ್ಲ. ಆಗಬೇಕಿತ್ತು ಅಂತ ನನಗೆ ಈಗಲೂ ಅನ್ನಿಸ್ತದೆ.

— ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಳೆ ಲೆಕ್ಕ ಪುಸ್ತಕದಲ್ಲಿ ಇತ್ತಲ್ಲ. ಅದನ್ನೇ ಜೋಪಾನ ಮಾಡಿದ್ರೆ ಸಾಕಿತ್ತು. ಪುಸ್ತಕ ಓದೋಕೆ ಮಶಿನ್ ಬೇಡ, ವೈರ್ ಬೇಡ, ಕರೆಂಟ್ ಬೇಡ.

— ಸರಿಯಾದ ಮಾತೇ. ಪುಸ್ತಕ ಎಲ್ಲಿ ಅಂತ ಕೇಳು. ನಡುಮನೆ ಕಪಾಟಿನಲ್ಲಿತ್ತು. ಒಂದು ಮಳೆಗಾಲ ಗೋಡೆಯಿಂದ ವರಲೆ ಹತ್ತಿತು. ಬಾಗಿಲು ತೆಗೆದಾಗ ರಟ್ಟು ಮಾತ್ರ ನಿಂತಿತ್ತು, ಒಳಗೆ ಮಣ್ಣು. ಈಗ ಆ ನಾಲ್ಕು ವರ್ಷದ ಮಳೆ ಇರೋದು ಈ ಕ್ಯಾಸೆಟ್ಟುಗಳಲ್ಲಿ ಮಾತ್ರ.

— ಸರಕಾರದ ಲೆಕ್ಕ ಇರುತ್ತಲ್ಲ? ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರ ಇದೆ.

— ಇದೆ, 1925ರಿಂದ ಇದೆ. ತಾಲ್ಲೂಕು ಕೇಂದ್ರದಲ್ಲೂ ಅಳೀತಾರೆ. ಅದು ಅಲ್ಲಿಯ ಮಳೆ. ಶೃಂಗೇರಿಯಿಂದ ಕೊಪ್ಪಕ್ಕೆ, ಕೊಪ್ಪದಿಂದ ಇಲ್ಲಿಗೆ ಬಂದ ಹಾಗೆ ಮಳೆ ಇಳೀತಾ ಬರ್ತದೆ. ಭದ್ರಾ ಹಿನ್ನೀರು ದಾಟಿ ತರೀಕೆರೆ ಕಡೆಗೆ ಹೋದ್ರೆ ಬಯಲುಸೀಮೆಯ ಗಾಳಿ. ಒಂದು ಗುಡ್ಡದ ಆಚೆ ಈಚೆ ಬೇರೆ ಬೇರೆ ಮಳೆ ಸುರಿಯುವ ಊರು ಇದು. ಈ ತೋಟಕ್ಕೆ ಕೊಳೆರೋಗ ಯಾವ ವರ್ಷ ಯಾಕೆ ಹೆಚ್ಚು ಬಂತು ಅಂತ ತಿಳೀಬೇಕಾದ್ರೆ ಈ ಅಂಗಳದ ಮಳೆಯೇ ಬೇಕು. ಬೋರ್ಡೋ ದ್ರಾವಣ ಹೊಡೆದ ತಾರೀಕು ಇನ್ನೊಂದು ಪಟ್ಟಿಯಲ್ಲಿದೆ, ಅದೂ ಕ್ಯಾಸೆಟ್ಟಿನಲ್ಲೇ. ಅಡಿಕೆ ಲೆಕ್ಕದ ಪ್ರೋಗ್ರಾಮ್ ಇನ್ನೊಂದು ಬದಿಯಲ್ಲಿ. ರಾಶಿ, ಬೆಟ್ಟೆ, ಸರಕು, ಗೊರಬಲು ಒಂದೊಂದಕ್ಕೂ ತೂಕ, ಧಾರಣೆ, ಒಟ್ಟು. ತುಂಬಿದ ಮೇಲೆ ಹಿಂದೆ ಸುತ್ತಿ ‘ವೆರಿಫೈ’ ಅಂತ ಕೊಟ್ಟು ತಾಳೆ ನೋಡಿ, ಕ್ಯಾಸೆಟ್ಟಿನ ಹಿಂಬದಿಯ ಪ್ಲಾಸ್ಟಿಕ್ ಕಿವಿ ಮುರಿದು ಇಡೋದು. ಕಿವಿ ಮುರಿದ್ರೆ ಅದರ ಮೇಲೆ ಬೇರೇನೂ ತುಂಬೋದಕ್ಕೆ ಬರೋದಿಲ್ಲ. ಒಂದಕ್ಕೆ ಮುರಿಯೋದು ಮರೆತೆ. ನಿನ್ನಪ್ಪ ಅದರ ಮೇಲೆ ರೇಡಿಯೋದಿಂದ ಸಿನಿಮಾ ಹಾಡು ತುಂಬಿದ. ಅವನಿಗೂ ಅದು ನಿನ್ನ ಹಾಗೆಯೇ ಬರೀ ಕೀರಲು ಅನ್ನಿಸಿತ್ತು.

— ಅಪ್ಪ ಇದನ್ನ ಯಾವತ್ತೂ ಹೇಳಿಲ್ಲ. ನಾನೂ ಇವತ್ತು ಅದನ್ನೇ ಮಾಡ್ತಿದ್ದೆ.

— ಹೆಚ್ಚಿನ ಕಡೆ ಆದದ್ದೂ ಹೀಗೇ. ಟೇಪ್ ತಾನಾಗಿ ಸತ್ತದ್ದಕ್ಕಿಂತ ‘ಇದರಲ್ಲಿ ಏನೂ ಇಲ್ಲ’ ಅಂತ ಮೇಲೆ ಹಾಡು ತುಂಬಿ ಅಳಿಸಿದ್ದು ಜಾಸ್ತಿ.

— ಹಾಗಾದ್ರೆ ಇವತ್ತೇ ಲ್ಯಾಪ್‌ಟಾಪಿಗೆ ಇಳಿಸಿಬಿಡ್ತೀನಿ. ವೈರ್ ಇದೆ.

— ಅವಸರ ಬೇಡ. ಮೊದಲು ಮೂಸಿ ನೋಡು.

— ಮೂಸೋದಾ?

— ಬೂಷ್ಟು ಹಿಡಿದ ವಾಸನೆ ಬರ್ತದಾ ನೋಡು. ಕಿಟಕಿಯಿಂದ ರೀಲಿನ ಅಂಚು ನೋಡು, ಬಿಳಿ ಪುಡಿ ಇದೆಯಾ ಅಂತ. ಮಲೆನಾಡಿನ ಕ್ಯಾಸೆಟ್ಟಿಗೆ ಮೊದಲ ಶತ್ರು ಅದೇ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಒಳ್ಳೆಯ ಟೇಪ್‌ರೆಕಾರ್ಡರಿಗೆ ಹಾಕಲೇಬಾರದು. ಹೆಡ್ಡಿಗೆ, ರೋಲರಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಕೆಲವು ದಿನ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಣಗಿಸಬೇಕು. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಕೂತು, ಮೆತ್ತಗಿನ ಬಟ್ಟೆಯಲ್ಲಿ ಒರೆಸ್ತಾ ಕೈಯಲ್ಲೇ ಸುತ್ತಬೇಕು. ಈ ಡಬ್ಬಿಯವಕ್ಕೆ ಬೂಷ್ಟು ಹಿಡಿದಿಲ್ಲ. ನಮ್ಮಮ್ಮ ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿ, ಏಲಕ್ಕಿ ಬುಟ್ಟಿ ಪಕ್ಕ ಇಟ್ಟಿದ್ದಳು. ಮಳೆಗಾಲದಲ್ಲಿ ಮನೆಯಲ್ಲಿ ಬೆಚ್ಚಗಿನ ಜಾಗ ಅದೊಂದೇ. ಹೊಗೆ ತಾಗಿದೆ, ಎರಡರ ಚಿಪ್ಪು ಬಿಸಿಗೆ ಸ್ವಲ್ಪ ಸೊಟ್ಟ ಆಗಿದೆ. ಅವಕ್ಕೆ ಐದು ಸ್ಕ್ರೂ ಬಿಚ್ಚಿ ರೀಲನ್ನು ಬೇರೆ ಚಿಪ್ಪಿಗೆ ದಾಟಿಸ್ತೇನೆ. ಆ ಕೆಲಸ ನನಗೆ ಬಿಡು.

— ಇದು 60 ನಿಮಿಷದ್ದು, ಅದು 90ರದ್ದು. ಏನಾದ್ರೂ ವ್ಯತ್ಯಾಸ?

— 90ರ ರೀಲು ತೆಳು. 60ರದ್ದು ಸುಮಾರು 18 ಮೈಕ್ರಾನ್ ದಪ್ಪ, 90ರದ್ದು 12. ತೆಳುವಾದದ್ದು ಬೇಗ ಹಿಗ್ಗುತ್ತದೆ, ರೋಲರಿಗೆ ಬೇಗ ಸುತ್ತಿಕೊಳ್ತದೆ. ಅದನ್ನು ಕೊನೆಗೆ ಇಟ್ಟುಕೋ. ಯಾವುದೇ ಆಗಲಿ, ಮೊದಲು ಒಂದು ಸಲ ಕೊನೆಯ ತನಕ ಸುತ್ತಿ, ಮತ್ತೆ ಶುರುವಿಗೆ ಸುತ್ತಬೇಕು. ಮೂವತ್ತು ವರ್ಷದಿಂದ ಅಂಟಿಕೊಂಡ ಸುತ್ತುಗಳು ಬಿಡಿಸಿಕೊಳ್ತವೆ. ಒಳಗಿನ ಸ್ಪಂಜಿನ ತುಂಡು ಉದುರಿದೆಯಾ ನೋಡು. ಅದು ರೀಲನ್ನು ಹೆಡ್ಡಿಗೆ ಒತ್ತಿ ಹಿಡಿಯೋದು, ಇಲ್ಲದಿದ್ರೆ ದನಿ ತೇಲಿತೇಲಿ ಬರ್ತದೆ. ಇನ್ನು ಮುಖ್ಯವಾದದ್ದು ಹೆಡ್ಡಿನ ವಾಲು. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಒಂದು ಸಣ್ಣ ಸ್ಕ್ರೂ ಕಾಣ್ತದಲ್ಲ, ಅದನ್ನು ಕೂದಲೆಳೆಯಷ್ಟು ತಿರುಗಿಸಿದ್ರೂ ಕೀರಲು ಹರಿತ ಆಗ್ತದೆ ಅಥವಾ ಮಂಕಾಗ್ತದೆ. ತುಂಬುವಾಗ ನನ್ನ ಹಳೇ ಮಶಿನ್ನಿನ ಹೆಡ್ಡು ಎಷ್ಟು ವಾಲಿತ್ತೋ ಈಗ ಓದುವ ಹೆಡ್ಡೂ ಅಷ್ಟೇ ವಾಲಬೇಕು. ನೆಟ್ಟಗಿರೋದು ಮುಖ್ಯ ಅಲ್ಲ, ಹೊಂದೋದು ಮುಖ್ಯ. ಹಾಡಿಗಾದ್ರೆ ಸ್ವಲ್ಪ ಮಂಕಾದ್ರೂ ಕಿವಿ ಹೊಂದಿಕೊಳ್ತದೆ. ಸೊನ್ನೆ-ಒಂದಕ್ಕೆ ಆ ರಿಯಾಯಿತಿ ಇಲ್ಲ.

— ಲ್ಯಾಪ್‌ಟಾಪಿನ ಕಡೆಯ ಕೆಲಸ ನನಗೆ ಬಿಡಿ. ಸೆಕೆಂಡಿಗೆ 44,100 ಸಲ ಅಳೆದು, ವೇವ್ ಕಡತವಾಗಿ ಇಟ್ಟುಕೊಳ್ತೀನಿ. ಎಂಪಿ3 ಮಾಡಲ್ಲ. ಅದು ಮನುಷ್ಯರ ಕಿವಿಗೆ ಬೇಡ ಅನ್ನಿಸಿದ್ದನ್ನ ಬಿಟ್ಟುಬಿಡುತ್ತೆ. ಇಲ್ಲಿ ಕೇಳಬೇಕಾದ್ದು ಕಂಪ್ಯೂಟರು. ನಿಮ್ಮ ಗಿಡ್ಡ ಅಲೆ ಒಂದಕ್ಕೆ 21 ಅಳತೆ ಸಿಗುತ್ತೆ, ಉದ್ದ ಅಲೆಗೆ 43. ಎರಡನ್ನೂ ಬೇರೆ ಮಾಡೋಕೆ ಧಾರಾಳ ಸಾಕು. ಒಂದು ವರ್ಷದ ಮಳೆ 1,860 ಬೈಟ್ ಅಂದ್ರಲ್ಲ, ಅದು ಸದ್ದಾಗಿ ಇಲ್ಲಿಗೆ ಬಂದಾಗ ಏಳೆಂಟು ಲಕ್ಷ ಬೈಟ್ ಆಗುತ್ತೆ.

— ಅಷ್ಟು ಜಾಗ ದಂಡ ಅಲ್ವಾ? ಅಂಕಿ ಸಿಕ್ಕಿದ ಮೇಲೆ ಸದ್ದು ಅಳಿಸಿದ್ರೆ ಆಯ್ತು.

— ಬೇಡ ದೊಡ್ಡಪ್ಪ. ಸದ್ದನ್ನೇ ಮೊದಲು ಉಳಿಸಬೇಕು. ನೋಡಿ, ಇಳಿಸಿಕೊಂಡದ್ದರಲ್ಲಿ 1989 ನನ್ನ ಎಮ್ಯುಲೇಟರಿನಲ್ಲಿ ಬಂತು. ಸ್ಪೆಕ್ಟ್ರಮ್‌ನ ಹಾಗೆಯೇ ನಡೆದುಕೊಳ್ಳೋ ತಂತ್ರಾಂಶ ಇದು, ನಿಮ್ಮ ‘ಜೆ’ ಒತ್ತಿದ್ರೆ ಲೋಡ್ ಅಂತ ಇಡೀ ಪದ ಬೀಳೋದೂ ಹಾಗೇ ಇದೆ. ‘ನಂಬರ್ ಅರೇ’ ಅಂತ ಬರೆದು ಮುಂದೆ ನೀವಿಟ್ಟ ಹೆಸರು ತೋರಿಸ್ತಿದೆ.

— ಎಲ್ಲಿ? ಕನ್ನಡಕ ಕೊಡು... ಹೌದು, ಅದೇ. ಅದೇ ಅಕ್ಷರ.

— 1990 ಮೊದಲ ಸಲ ತಾಳೆ ತಪ್ಪಿತು, ನೀವು ಸ್ಕ್ರೂ ತಿರುಗಿಸಿದ ಮೇಲೆ ಬಂತು. 1991ರದ್ದು ಎಷ್ಟು ತಿರುಗಿಸಿದ್ರೂ ಬರ್ತಿಲ್ಲ. ಪರದೆ ಮೇಲೆ ಅಲೆ ದೊಡ್ಡದು ಮಾಡಿ ನೋಡಿದೆ, ಒಂದು ಕಡೆ ರೀಲು ಮಡಿಚಿದ ಗುರುತಿದೆ, ಅಲ್ಲಿ ಸದ್ದೇ ಇಲ್ಲ. ನಿಮ್ಮ ಸ್ಪೆಕ್ಟ್ರಮ್ ಆಗಿದ್ರೆ ಇಡೀ ವರ್ಷವನ್ನೇ ತಿರಸ್ಕರಿಸ್ತಿತ್ತು. ಆದ್ರೆ ನನ್ನ ಹತ್ತಿರ ಸದ್ದು ಇದೆ. ಮಡಿಚಿದ ಜಾಗದ ತನಕ ಮುಂದಿನಿಂದ ಎಣಿಸ್ತೀನಿ. ಆಮೇಲಿನದನ್ನ ಕೊನೆಯಿಂದ ಹಿಂದಕ್ಕೆ ಎಣಿಸ್ತೀನಿ. ಪ್ರತಿ ಅಂಕಿಗೆ ಸರಿಯಾಗಿ ಐದು ಬೈಟ್ ಇರೋದ್ರಿಂದ ಯಾವ ದಿನ ಯಾವುದು ಅಂತ ತಪ್ಪೋದಿಲ್ಲ. ಹೋಗಿರೋದು ಆಗಸ್ಟ್ ತಿಂಗಳ ಮೂರು ದಿನ. 362 ದಿನ ಉಳಿದಿವೆ. ಮಶಿನ್ ಓದಲಾರದ್ದು ಈ ಸದ್ದಿನಲ್ಲಿತ್ತು.

— ಮೂರೇ ದಿನವಾ? ನಾನು ಆ ವರ್ಷದ ಆಸೆಯನ್ನೇ ಬಿಟ್ಟಿದ್ದೆ. ನಿನಗೆ ಇದು ತಿಳೀತಲ್ಲ, ನನಗೆ ಅಷ್ಟು ಸಾಕು.

— 1992 ಇನ್ನೊಂದು ಕ್ಯಾಸೆಟ್ಟಿನಲ್ಲಿದೆ, ಅದು ಸೊಟ್ಟ ಆದದ್ದು. ಅಂಕಿ ಎಲ್ಲ ಬಂದ ಮೇಲೆ ಏನು ಮಾಡೋಣ?

— ಸದ್ದಿನ ಕಡತ ಎರಡು ಕಡೆ ಇಡು, ಒಂದು ಇಲ್ಲಿ, ಒಂದು ಬೆಂಗಳೂರಿನಲ್ಲಿ. ಅಂಕಿಯನ್ನು ಪಟ್ಟಿ ಮಾಡಿ ಕಾಗದದ ಮೇಲೂ ಅಚ್ಚು ತೆಗೆ. ಮಳೆಮಾಪಕ ಎಲ್ಲಿತ್ತು, ಎಷ್ಟು ಹೊತ್ತಿಗೆ ಅಳೀತಿದ್ದೆ, ಯಾವ ದಿನ ನಾನು ಊರಲ್ಲಿರಲಿಲ್ಲ, ಅದನ್ನೂ ಬರಿ; ಹೇಳ್ತೇನೆ. ಅದು ಇಲ್ಲದಿದ್ರೆ ಅಂಕಿಗೆ ಬೆಲೆ ಇಲ್ಲ. ಒಂದು ಪ್ರತಿ ಕಾಫಿ ಸಂಶೋಧನಾ ಕೇಂದ್ರಕ್ಕೆ ನಾನೇ ಹೋಗಿ ಕೊಟ್ಟು ಬರ್ತೇನೆ. ಕ್ಯಾಸೆಟ್ಟುಗಳನ್ನು ಮಾತ್ರ ಎಸೀಬಾರದು.

— ಎಸೆಯಲ್ಲ. ಚೀಟಿ ಬದಲಿಸ್ಲಾ? ‘ಗದಾಯುದ್ಧ’ ತೆಗೆದು ‘ಮಳೆ’ ಅಂತ ಬರೀತೀನಿ.

— ‘ಗದಾಯುದ್ಧ’ ಹಾಗೇ ಇರಲಿ, ಪಕ್ಕದಲ್ಲಿ ಬರಿ. ಇನ್ನೊಂದು ಮಾತು. ನೀನು ಪತ್ರಿಕೆಗೆ ಬರೀತೀಯಲ್ಲ, ಇದನ್ನು ಸೇರಿಸು. ಈ ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಅಟ್ಟಗಳಲ್ಲಿ, ಬೆಂಗಳೂರು, ಮೈಸೂರಿನ ಹಳೇ ಟ್ರಂಕುಗಳಲ್ಲಿ ಎಷ್ಟೋ ಕ್ಯಾಸೆಟ್ ಇವೆ. ಯಾರೋ ಮೇಷ್ಟ್ರು ಬರೆದ ಲೆಕ್ಕದ ಪಾಠ, ಯಾರೋ ಹುಡುಗ ಮಾಡಿದ ಆಟ ಅದರಲ್ಲಿರಬಹುದು. ಹಾಕಿದಾಗ ಕೀರಲು ಬಂದ್ರೆ ನಿಲ್ಲಿಸಿ, ಚೀಟಿ ಅಂಟಿಸಿ, ಒಣ ಡಬ್ಬಿಯಲ್ಲಿಡಿ, ಅದರ ಮೇಲೆ ಏನನ್ನೂ ತುಂಬಬೇಡಿ ಅಂತ ಬರಿ. ಈಗ ರೋಹಿಣಿ ಮಳೆ, ಇನ್ನೂ ಬಿಸಿಲು ಬಿಡ್ತಾ ಇದೆ. ಆರಿದ್ರೆ ಹಿಡಿಯೋದಕ್ಕೆ ಮೂರು ವಾರ ಇದೆ. ಅಷ್ಟರೊಳಗೆ ಇಳಿಸಿಕೊಳ್ಳಿ ಅಂತ ಬರಿ.